ಮುಚ್ಚಿಟ್ಟ ಎಂಟು ಗಂಟೆ

ನನ್ನ ಕ್ಲಾಸಿನ ಎರಡನೆಯ ಬೆಂಚಿನಲ್ಲಿ ಕೂತು ನೋಟ್ಸ್ ಬರೆದುಕೊಂಡ ಹುಡುಗಿ ಮೆರಿಟ್ ಪಟ್ಟಿಯಲ್ಲಿ ನನಗಿಂತ ಮೇಲೆ ಹೋದ ವರ್ಷ ನಾನೊಂದು ಕೆಲಸ ಮಾಡಿದೆ. ಕಳವು ಮಾಡಿದೆ ಅನ್ನಲಾರೆ, ಸುಳ್ಳು ಬರೆದೆ ಅಂತಲೂ ಅನ್ನಲಾರೆ. ಒಂದು ಪಟ್ಟಿಯ ಎರಡು ಚೌಕಗಳಲ್ಲಿ ಅಂಕಿ ಬರೆಯುವ ಬದಲು ಅಡ್ಡಗೆರೆ ಎಳೆದೆ, ಅಷ್ಟೇ. ಅಷ್ಟೇ ಅಷ್ಟೇ ಎಂದುಕೊಂಡೇ ಇಷ್ಟು ದಿನ ತಳ್ಳಿದ್ದೇನೆ.

ನಾನು ಗಜೇಂದ್ರಗಡದವನು. ಮನೆಯಲ್ಲಿ ಮಗ್ಗವಿದೆ, ಹೆಂಡತಿ ಸೀರೆ ನೇಯುತ್ತಾಳೆ. ನಾನು ರೋಣದ ಕಡೆಯ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕ. ಹದಿಮೂರು ವರ್ಷದಿಂದ ಅತಿಥಿ. ಹೆಸರಿನ ಹಿಂದೆ ‘ಡಾ.’ ಎಂದು ಬರೆದುಕೊಳ್ಳುತ್ತೇನೆ. ವರ್ಷಕ್ಕೊಮ್ಮೆ ನಮ್ಮನ್ನು ಬಿಡುಗಡೆ ಮಾಡುತ್ತಾರೆ, ವರ್ಷಕ್ಕೊಮ್ಮೆ ಹೊಸದಾಗಿ ಅರ್ಜಿ ಹಾಕಬೇಕು. ಅಂಕ, ಪಿಎಚ್‌ಡಿ, ಉಪನ್ಯಾಸಕರ ಅರ್ಹತೆಯ ಕೆ-ಸೆಟ್ ಪರೀಕ್ಷೆ, ಸೇವೆ ಮಾಡಿದ ವರ್ಷಗಳು ಎಲ್ಲ ಕೂಡಿಸಿ ಮೆರಿಟ್ ಪಟ್ಟಿ ಮಾಡುತ್ತಾರೆ. ಆಮೇಲೆ ಕೌನ್ಸೆಲಿಂಗ್. ಮೇಲಿನವರು ಮೊದಲು ಕಾಲೇಜು ಆರಿಸಿಕೊಳ್ಳುತ್ತಾರೆ, ಕೆಳಗಿನವರಿಗೆ ಉಳಿದದ್ದು. ಯಾವ ಕಾಲೇಜಿನಲ್ಲಿ ವಾರಕ್ಕೆ ಎಷ್ಟು ಗಂಟೆ ಪಾಠ ಖಾಲಿ ಇದೆ ಎಂಬುದೇ ಅಲ್ಲಿ ಎಲ್ಲಕ್ಕಿಂತ ದೊಡ್ಡ ವಿಷಯ. ಹದಿನೈದು ಗಂಟೆ ಇದ್ದರೆ ಪೂರ್ಣ ಗೌರವಧನ, ಅದಕ್ಕಿಂತ ಕಡಿಮೆಯಾದರೆ ಅರ್ಧ.

ಆ ಹುಡುಗಿ ಮುಶಿಗೇರಿಯವಳು. ಅಪ್ಪ ಅವ್ವ ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುವವರು. ನಾನು ಹೊಸದಾಗಿ ಪಾಠ ಮಾಡಲು ಶುರುಮಾಡಿದಾಗ ಆಕೆ ಬಿಎ ಮೊದಲ ವರ್ಷ. ಎಂಎ ಮಾಡು ಅಂದವನು ನಾನು. ಅರ್ಜಿ ತುಂಬಿಸಿದವನು ನಾನು, ನನ್ನ ನಾಲ್ಕು ಉದ್ದ ನೋಟ್‌ಬುಕ್ಕು ಕೊಟ್ಟವನೂ ನಾನೇ. ಎಂಎ ಮುಗಿಸಿ ಆಕೆ ನಮ್ಮ ಕಾಲೇಜಿಗೇ ಅತಿಥಿಯಾಗಿ ಬಂದಳು. ಎಂಟು ವರ್ಷ ಒಂದೇ ಮೇಜಿನ ಎರಡು ಬದಿಗೆ ಕೂತೆವು. ಎಲ್ಲರೂ ಆಕೆಯನ್ನು ‘ಮುಶಿಗೇರಿ ಮೇಡಂ’ ಅನ್ನುತ್ತಿದ್ದರು, ನಾನು ಮಾತ್ರ ಹಳೆಯ ರೂಢಿಯಲ್ಲಿ ‘ನೀ’ ಅನ್ನುತ್ತಿದ್ದೆ. ಬಂದವರಿಗೆಲ್ಲ “ಈಕಿ ನಮ್ಮ ವಿದ್ಯಾರ್ಥಿನಿ” ಎಂದು ಎದೆ ಉಬ್ಬಿಸಿ ಪರಿಚಯ ಮಾಡಿಕೊಡುತ್ತಿದ್ದೆ. ಆಕೆ ನನಗಿಂತ ಕೆಳಗಿದ್ದಳಲ್ಲ, ಆಗ ಹಾಗನ್ನುವುದು ಸುಲಭ.

ಕೆ-ಸೆಟ್ ನಾನು ಆರು ಸಲ ಬರೆದಿದ್ದೇನೆ. ಆರು ಸಲವೂ ಕೂದಲೆಳೆಯಲ್ಲಿ ತಪ್ಪಿತು. ಆಕೆ ಮೊದಲ ಸಲಕ್ಕೇ ಪಾಸಾದಳು. ಅವತ್ತು ಸ್ಟಾಫ್ ರೂಮಿನಲ್ಲಿ ಆಕೆಯ ಪರವಾಗಿ ಪೇಢೆ ಹಂಚಿದವನು ನಾನೇ. ಮನೆಗೆ ಬಂದು ಸಾರಿಗೆ ಉಪ್ಪು ಜಾಸ್ತಿ ಆಗಿದೆ ಎಂದು ತಾಟು ದೂಡಿ ಎದ್ದೆ. ಈ ವರ್ಷ ಬೇಸಿಗೆಯಲ್ಲಿ ಆಕೆಗೆ ಪಿಎಚ್‌ಡಿಯೂ ಬಂತು.

ಜೂನ್ ತಿಂಗಳಲ್ಲಿ ನಾವು ಪಾಠ ಮಾಡುವುದಿಲ್ಲ, ವಿದ್ಯಾರ್ಥಿಗಳನ್ನು ಹುಡುಕುತ್ತೇವೆ. ಮೊದಲ ವರ್ಷಕ್ಕೆ ಅರವತ್ತು ದಾಟಿದರೆ ಎರಡು ಸೆಕ್ಷನ್, ಇಬ್ಬರು ಅತಿಥಿಗಳಿಗೂ ಕೆಲಸ. ದಾಟದಿದ್ದರೆ ಒಂದೇ ಸೆಕ್ಷನ್, ಒಬ್ಬರಿಗೆ ಮಾತ್ರ ಜಾಗ. ಹೀಗಾಗಿ ಖಾಯಂ ಉಪನ್ಯಾಸಕರು ಫ್ಯಾನಿನ ಕೆಳಗೆ ಕೂತು ಅರ್ಜಿ ತೆಗೆದುಕೊಳ್ಳುವಾಗ ನಾವಿಬ್ಬರೂ ಕರಪತ್ರ ಹಿಡಿದು ಊರೂರು ತಿರುಗಿದೆವು.

ಮೊದಲು ನನ್ನ ಓಣಿಗಳು. ಗಜೇಂದ್ರಗಡದ ನೇಕಾರರ ಮನೆ ಮನೆಗೆ ಮೂರು ದಿನ ತಿರುಗಿದೆ. ನಾನು ಅವರಲ್ಲೇ ಹುಟ್ಟಿದವನು, ನೇಕಾರಿಕೆಯ ಚರಿತ್ರೆಯ ಮೇಲೇ ಪಿಎಚ್‌ಡಿ ಮಾಡಿದವನು. ಒಬ್ಬ ತಾಯಿ ಮಗ್ಗ ನಿಲ್ಲಿಸದೆಯೇ ಕೇಳಿದಳು:

“ಹುಡುಗಿ ದಿನಾ ಲಾಳಿ ಕಂಡಿಕಿಗೆ ನೂಲು ಸುತ್ತಿ ಕೊಡ್ತಾಳ್ರಿ ಸರ್. ಆಕಿ ಕಾಲೇಜಿಗೆ ಬಂದ್ರ ನೀವ್ ಬಂದು ಸುತ್ತತೀರೇನು?”

ಮೂರು ದಿನಕ್ಕೆ ನಾಲ್ವರು ಸಿಕ್ಕರು.

ನಾಲ್ಕನೆಯ ದಿನ ಆಕೆಯ ಜೊತೆ ಮುಶಿಗೇರಿಗೆ ಹೋದೆ. ಪ್ರತಿ ಮನೆಯಲ್ಲೂ ನನಗೆ ಅಂಗಳದಲ್ಲಿ ಕುರ್ಚಿ ಹಾಕಿದರು, ಆಕೆಯನ್ನು ಒಳಗೆ ಒಲೆಯ ಮುಂದೆ ಕರೆದುಕೊಂಡು ಹೋದರು. ಒಳಗೆ ನಗು, ರೊಟ್ಟಿ ಬಡಿಯುವ ಸಪ್ಪಳ. ಹೊರಗೆ ನಾನು ಇತಿಹಾಸದ ಮಹತ್ವದ ಬಗ್ಗೆ ಗಂಡಸರಿಗೆ ಭಾಷಣ ಮಾಡುತ್ತಿದ್ದೆ. ಒಬ್ಬ ತಂದೆ, ಬೀಜದ ಚೀಲದ ಮೇಲೆ ಕೂತವರು, ನಾನು ಮುಗಿಸುವವರೆಗೂ ತಾಳ್ಮೆಯಿಂದ ಕೇಳಿ ಆಮೇಲೆ ಬಾಯಿ ತೆರೆದರು.

“ಸರ್, ನೀವೆಷ್ಟು ಕಲ್ತೀರಿ?”

“ಪಿಎಚ್‌ಡಿ ಆಗೇತ್ರಿ.”

“ಅಂದ್ರ ಅದರ ಮ್ಯಾಲ ಇಲ್ಲ?”

“ಇಲ್ರಿ. ಅದ ಕಡೀದು.”

“ನೌಕರಿ ಪರ್ಮನೆಂಟ್ ಏನ್ರಿ?”

“ಇಲ್ರಿ... ಇನ್ನೂ ಆಗಿಲ್ಲ.”

“ಕಡೀತನಕ ಕಲ್ತ ನಿಮಗ ಆಗಿಲ್ಲ, ಮತ್ತ ನನ್ನ ಮಗಳಿಗೆ ಅದನ್ನ ತಗೋ ಅನ್ನಾಕ ಬಂದೀರಿ!”

ಕಟ್ಟೆಯ ಮೇಲಿದ್ದವರು ನಕ್ಕರು. ಅಷ್ಟರಲ್ಲಿ ಆಕೆ ಬಾಗಿಲಿಗೆ ಬಂದು, “ಕಾಕಾ, ನಮಗ ಸಿಗಲಿಲ್ಲಂತ ನಿಮ್ಮ ಮಗಳಿಗೂ ಸಿಗಬಾರ್ದು ಅಂತ ಐತೇನು? ಆಕೀದು ಅರ್ಜಿ ತುಂಬೇತಿ, ಇಲ್ಲೊಂದು ಸಹಿ ಮಾಡ್ರಿ,” ಎಂದು ಪೆನ್ನು ಕೈಗೆ ಕೊಟ್ಟಳು. ಅವರು ಬೈಯುತ್ತಲೇ ಸಹಿ ಮಾಡಿದರು! ಅದೇ ಮನುಷ್ಯ ನನಗೆ ನೀರಿಳಿಸಿದ್ದ.

ಆಮೇಲೆ ತಿಳಿಯಿತು, ಒಲೆಯ ಮುಂದೆ ಆಕೆ ಇತಿಹಾಸದ ಸುದ್ದಿಯನ್ನೇ ಎತ್ತಿರಲಿಲ್ಲ. ತಾಯಂದಿರಿಗೆ ಬಸ್ ಪಾಸಿನ ವಿಷಯ ಹೇಳಿದ್ದಳು. ಹುಡುಗಿಯರ ಕಿವಿಯಲ್ಲಿ, “ಮೂರ್ ವರ್ಷ ಲಗ್ನದ ಮಾತ ಬರೂದಿಲ್ಲ, ತಿಳೀತಿಲ್ಲೊ?” ಅಂದಿದ್ದಳು. ಆ ಒಂದೇ ದಿನ ಹನ್ನೊಂದು ಅರ್ಜಿ. ಮರುದಿನ ಪುರ್ತಗೇರಿಯಲ್ಲಿ ಇನ್ನೂ ಏಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದೆ, “ನಮ್ಮ ಸಬ್ಜೆಕ್ಟಿನ ಬಗ್ಗೆ ನೀ ಒಂದ ಮಾತೂ ಆಡಲಿಲ್ಲಲ್ಲ?”

“ನೀವು ಆಡಿದ್ರೆಲ್ಲ ಸರ್, ಅದಕ ನಾ ಸುಮ್ಮನಿದ್ನಿ,” ಎಂದು ನಕ್ಕಳು. ಅದರಲ್ಲಿ ಚುಚ್ಚು ಇರಲಿಲ್ಲ ಎಂದು ಈಗ ಗೊತ್ತು. ಆಗ ಚುಚ್ಚಿತು.

ಇಷ್ಟೆಲ್ಲ ಕುಣಿದರೂ ಪ್ರವೇಶ ಮುಗಿದಾಗ ಲೆಕ್ಕ ಐವತ್ತಮೂರಕ್ಕೆ ನಿಂತಿತು. ಒಂದೇ ಸೆಕ್ಷನ್, ಒಬ್ಬರಿಗೇ ಜಾಗ. ಆ ವಾರವೇ ಮೆರಿಟ್ ಪಟ್ಟಿ ಬಂತು. ನಮ್ಮ ಭಾಗದವರಲ್ಲಿ ಆಕೆ ನನಗಿಂತ ಐದು ಸ್ಥಾನ ಮೇಲೆ. ನಡುವಿನ ನಾಲ್ವರೂ ಗದಗಿನವರು, ಊರು ಬಿಟ್ಟು ಕದಲುವುದಿಲ್ಲ ಎಂದು ವಾಟ್ಸಾಪ್ ಗುಂಪಿನಲ್ಲಿ ಹೇಳಿಕೊಂಡಿದ್ದರು. ಅಂದರೆ ನಮ್ಮ ಕಾಲೇಜಿನ ಜಾಗಕ್ಕೆ ನಿಜವಾಗಿ ಇದ್ದವರು ನಾವಿಬ್ಬರೇ, ಅದರಲ್ಲಿ ಮೊದಲು ಆರಿಸಿಕೊಳ್ಳುವವಳು ಆಕೆ. ಮುಶಿಗೇರಿಗೆ ನಮ್ಮ ಕಾಲೇಜೇ ಹತ್ತಿರ. ಆಕೆ ಯಾಕೆ ಬಿಟ್ಟಾಳು?

ಪಟ್ಟಿ ನೋಡಿದ ಸಂಜೆ ಹೆಂಡತಿ ಮಗ್ಗದಿಂದ ಎದ್ದು ಬಂದು ಕೇಳಿದಳು, “ನಿಮ್ಮ ಶಿಷ್ಯಾ ಮುಂದ ಹೋಗ್ಯಾಳಂದ್ರ ನಿಮಗ ಖುಷಿ ಆಗಬೇಕಲ್ರಿ?”

“ಆಗೇತಿ.”

“ಮತ್ತ ಮಾರಿ ಯಾಕ ಔಡಲೆಣ್ಣಿ ಕುಡದಂಗ ಮಾಡೀರಿ?”

ಹೊಟ್ಟೆಕಿಚ್ಚು ಎಂಬುದು ದೊಡ್ಡ ದೊಡ್ಡ ನೌಕರಿಯವರನ್ನು ನೋಡಿ ಬರುತ್ತದೆ ಎಂದು ತಿಳಿದಿದ್ದೆ. ಖಾಯಂ ಉಪನ್ಯಾಸಕರ ಕಾರು ನೋಡಿದರೆ ನನಗೆ ಏನೂ ಅನ್ನಿಸುವುದಿಲ್ಲ. ಅವರು ಬೇರೆ ಕಾಲದವರು, ಬೇರೆ ಬಾಗಿಲಿನಿಂದ ಒಳಗೆ ಹೋದವರು. ನನ್ನ ಜೊತೆ ಅದೇ ಬಾಗಿಲ ಹೊರಗೆ ನಿಂತವಳು, ನಾನೇ ಕೈಹಿಡಿದು ತಂದು ನಿಲ್ಲಿಸಿದವಳು, ಅರ್ಧ ಹೆಜ್ಜೆ ಮುಂದೆ ಹೋದಾಗ ಮಾತ್ರ ಒಳಗೆಲ್ಲ ಉರಿಯಿತು.

ಕಾರ್ಯಭಾರ ಪಟ್ಟಿ ಮಾಡುವ ಕೆಲಸ ಪ್ರತಿ ವರ್ಷ ನನ್ನದೇ. ಯಾವ ಸೆಮಿಸ್ಟರಿಗೆ ಯಾವ ಪತ್ರಿಕೆ, ವಾರಕ್ಕೆ ಎಷ್ಟು ಗಂಟೆ ಎಂದು ಕಂಪ್ಯೂಟರಿನಲ್ಲಿ ತುಂಬಬೇಕು. ನಮ್ಮ ವಿಭಾಗದ ಮುಖ್ಯಸ್ಥರು ಖಾಯಂ ಉಪನ್ಯಾಸಕರು, ಆದರೆ ಆ ಕಂಪ್ಯೂಟರ್ ಮುಟ್ಟುವುದಿಲ್ಲ. ಈ ಸಲದ ಲೆಕ್ಕ ಸರಳವಾಗಿತ್ತು. ಒಟ್ಟು ಮೂವತ್ತೊಂದು ಗಂಟೆ. ಮುಖ್ಯಸ್ಥರಿಗೆ ಹದಿನಾರು, ಉಳಿದ ಹದಿನೈದು ಅತಿಥಿಗೆ.

ಗಂಟೆ ಮುಚ್ಚಿಡುವುದು ನಾನು ಕಂಡುಹಿಡಿದ ವಿದ್ಯೆಯಲ್ಲ. ಕೌನ್ಸೆಲಿಂಗಿಗೆ ಮುಂಚೆ ಕಡಿಮೆ ಗಂಟೆ ತೋರಿಸಿದರೆ ಮೆರಿಟ್‌ನಲ್ಲಿ ಮೇಲಿದ್ದವರು ಆ ಕಾಲೇಜಿನ ಕಡೆ ತಿರುಗಿಯೂ ನೋಡುವುದಿಲ್ಲ. ಬೇಕಾದವರು ಆ ಕಡಿಮೆ ಗಂಟೆಯನ್ನೇ ಆರಿಸಿಕೊಂಡು ಬಂದು, ಆಮೇಲೆ ಪರಿಷ್ಕೃತ ಪಟ್ಟಿ ಕಳಿಸಿ ಪೂರ್ಣ ಮಾಡಿಕೊಳ್ಳುತ್ತಾರೆ. ಚಹಾ ಅಂಗಡಿಗಳಲ್ಲಿ ಅತಿಥಿಗಳು ಸೇರಿದಾಗ ಇಂಥ ಸುದ್ದಿ ಬರುತ್ತದೆ. ಅಂಥವರನ್ನು ನಾನು ಥೂ ಎಂದು ಬೈದವನು.

ಮೊದಲ ಸೆಮಿಸ್ಟರಿನ ಪತ್ರಿಕೆ, ಐದು ಗಂಟೆ. ಅದೇ ಸೆಮಿಸ್ಟರಿನ ಮುಕ್ತ ಆಯ್ಕೆಯ ಪತ್ರಿಕೆ, ಮೂರು ಗಂಟೆ. ಆ ಎರಡು ಚೌಕಗಳಲ್ಲಿ ಅಡ್ಡಗೆರೆ ಎಳೆದೆ. ಕೆಳಗೆ ಸಣ್ಣ ಅಕ್ಷರದಲ್ಲಿ, ‘ವಿದ್ಯಾರ್ಥಿಗಳ ವಿಷಯ ಆಯ್ಕೆ ಅಂತಿಮಗೊಂಡ ನಂತರ ಪರಿಷ್ಕರಿಸಲಾಗುವುದು’ ಎಂದು ಬರೆದೆ. ಅದು ಸುಳ್ಳಲ್ಲ. ಇನ್ನೂ ಹದಿನೈದು ದಿನ ವಿಷಯ ಬದಲಿಸಲು ಅವಕಾಶ ಇತ್ತು, ಯಾರೂ ಬದಲಿಸುವುದಿಲ್ಲ ಎಂದು ಗೊತ್ತಿದ್ದವನು ನಾನೊಬ್ಬನೇ. ಅತಿಥಿಗೆ ಉಳಿದದ್ದು ಏಳು ಗಂಟೆ ಎಂದು ಕಂಪ್ಯೂಟರ್ ತಾನೇ ಕಳೆದು ತೋರಿಸಿತು.

ಪಟ್ಟಿಯನ್ನು ಸಹಿಗೆ ಒಯ್ದಾಗ ಪ್ರಾಚಾರ್ಯರು ಕನ್ನಡಕ ಹುಡುಕುತ್ತ ಕೇಳಿದರು, “ನೀವು ನೋಡೀರಲ್ಲ ಡಾಕ್ಟರ್?”

“ನೋಡೀನ್ರಿ.”

“ಹಂಗಾದ್ರ ಮುಗೀತು ಬಿಡ್ರಿ.” ಕನ್ನಡಕ ಸಿಗುವ ಮುಂಚೆಯೇ ಸಹಿ ಹಾಕಿದರು. ವಿಭಾಗದ ಮೇಲ್‌ನಿಂದ ಪಟ್ಟಿ ಕಳಿಸಿದೆ.

ಆ ಸಂಜೆ ಆಕೆ ಫೋನ್ ಮಾಡಿದಳು. “ಸರ್, ವರ್ಕ್‌ಲೋಡ್ ಸರಿಯಾಗಿ ಹೋತೇನ್ರಿ?”

“ಹೋತು.”

“ಎಲ್ಲಾ ಸರಿ ಐತಲ್ರಿ?”

“ಎಲ್ಲಾ ಸರಿ ಐತಿ. ಯಾಕ?”

“ಏನಿಲ್ರಿ. ಸುಮ್ಮನ ಕೇಳಿದ್ನಿ.” ಫೋನ್ ಇಟ್ಟಳು. ತನ್ನ ಜಾಗ ಭದ್ರ ಮಾಡಿಕೊಳ್ಳಲು ಎಷ್ಟು ಅವಸರ ಈಕೆಗೆ ಎಂದು ನನಗೆ ಸಿಟ್ಟು ಬಂತು.

ಕೌನ್ಸೆಲಿಂಗ್ ಗದಗಿನಲ್ಲಿ. ರೋಣದಿಂದ ಇಬ್ಬರೂ ಒಂದೇ ಬಸ್ಸಿಗೆ ಹೋದೆವು. ತೊಡೆಯ ಮೇಲೆ ಇಬ್ಬರದೂ ಮೂಲ ದಾಖಲೆಗಳ ಫೈಲು. ನನ್ನದು ಹರಿದು ದಾರ ಕಟ್ಟಿದ್ದು, ಆಕೆಯದು ಹೊಸದು, ನೀಲಿ. ಅದನ್ನು ನೋಡಿಯೂ ಹೊಟ್ಟೆ ಉರಿಯಿತು ಎಂದರೆ ನಗಬೇಡಿ. ಅರ್ಧ ದಾರಿಯಲ್ಲಿ ಆಕೆ ನನ್ನ ಕಡೆ ತಿರುಗಿದಳು.

“ಸರ್, ನನಗೇನರ ಹೇಳೂದೈತೇನ್ರಿ?”

“ಏನೂ ಇಲ್ಲ. ನರಗುಂದದಾಗ ಹದಿನೈದು ತಾಸು ತೋರಿಸ್ಯಾರಂತ. ಚಲೋ ಕಾಲೇಜು ಅದು.”

“ಹೌದ್ರಿ. ನೋಡೀನ್ರಿ,” ಎಂದು ಆಕೆ ಕಿಟಕಿಯ ಕಡೆ ಮುಖ ಮಾಡಿದಳು.

ಸಭಾಂಗಣದ ಗೋಡೆಯ ಮೇಲೆ ಪ್ರೊಜೆಕ್ಟರಿನಲ್ಲಿ ಕಾಲೇಜಿನ ಹೆಸರು, ಅದರ ಮುಂದೆ ಗಂಟೆ. ನಮ್ಮ ಕಾಲೇಜಿನ ಮುಂದೆ ನಾನೇ ಬರೆದ ಏಳು. ಕುರ್ಚಿಗಳ ತುಂಬ ಡಾಕ್ಟರುಗಳು. ಒಬ್ಬರಿಗೆ ತಲೆ ಪೂರ್ತಿ ಬೆಳ್ಳಗಾಗಿತ್ತು. ಒಬ್ಬಳು ಕೂಸಿಗೆ ಹಾಲು ಕುಡಿಸುತ್ತಲೇ ಎಷ್ಟನೇ ನಂಬರು ನಡೆದಿದೆ ಎಂದು ಕೇಳುತ್ತಿದ್ದಳು. ಒಂದು ಒಳ್ಳೆಯ ಕಾಲೇಜಿನ ಸಾಲು ಗೋಡೆಯಿಂದ ಮಾಯವಾದಾಗೆಲ್ಲ ಹಾಲ್‌ನಲ್ಲಿ “ಹೋತು” ಎಂಬ ದನಿ ಏಳುತ್ತಿತ್ತು. ಹಾಗೆ ನೋಡುತ್ತಿದ್ದಾಗಲೇ ನರಗುಂದದ ಸಾಲು ಹೋಯಿತು. ಆಕೆ ಆದೇಶದ ಪ್ರತಿ ಹಿಡಿದು ಬಂದು, “ನರಗುಂದ ತಗೊಂಡ್ನಿ ಸರ್,” ಅಂದಳು. ನನಗೆ ಮೈ ಹಗುರಾಯಿತು. ಖುಷಿಯಾಯಿತು ಅಂತಲೇ ಬರೆಯುತ್ತೇನೆ, ಯಾಕೆ ಮುಚ್ಚಿಡಲಿ?

ನನ್ನ ಸರದಿ ಬಂದಾಗ ಪಕ್ಕದ ಜಿಲ್ಲೆಯ ಒಂದು ಕಾಲೇಜಿನಲ್ಲಿ ಹದಿನೈದು ಗಂಟೆ ಇನ್ನೂ ಉಳಿದಿತ್ತು. ಎರಡು ಬಸ್ ಬದಲಿಸಿದರೆ ಹೋಗಿಬರಬಹುದಾದ ಊರು. ಮೇಜಿನ ಹಿಂದಿದ್ದ ಅಧಿಕಾರಿ ಒಳ್ಳೆಯ ಮನುಷ್ಯ.

“ನಿಮ್ಮ ಕಾಲೇಜಿನ್ಯಾಗ ಏಳ ತಾಸು ಐತ್ರಿ, ಅರ್ಧಾ ಪಗಾರ. ಈ ಹದಿನೈದು ತಗೋರಿ, ವಿಚಾರ ಮಾಡ್ರಿ.”

“ಇರ್ಲಿ ಸರ್, ನಮ್ಮ ಕಾಲೇಜ ಇರ್ಲಿ.”

“ನೋಡ್ರಿ ಮತ್ತ. ಆಮ್ಯಾಲ ಬಂದು ಅಳಬ್ಯಾಡ್ರಿ.”

ನಾನು ನಕ್ಕೆ. ಇವತ್ತು ಏಳು, ಹದಿನೈದು ದಿನ ಕಳೆದರೆ ಹದಿನೈದು. ಸಹಿ ಮಾಡಿದೆ.

ಹದಿನೈದು ದಿನ ಬಿಟ್ಟು ಪರಿಷ್ಕೃತ ಪಟ್ಟಿ ಕಳಿಸಿದೆವು. ಉತ್ತರವಾಗಿ ಎಲ್ಲ ಕಾಲೇಜುಗಳಿಗೂ ಸೇರಿ ಒಂದು ಸುತ್ತೋಲೆ ಬಂತು. ಕೌನ್ಸೆಲಿಂಗ್ ವೇಳೆ ತೋರಿಸಿದ ಗಂಟೆಗಳೇ ಸೆಮಿಸ್ಟರ್ ಮುಗಿಯುವವರೆಗೆ ಅಂತಿಮ, ಹೆಚ್ಚುವರಿ ಗಂಟೆಗಳನ್ನು ಇರುವ ಸಿಬ್ಬಂದಿಯೇ ಹಂಚಿಕೊಳ್ಳತಕ್ಕದ್ದು ಎಂದಿತ್ತು. ಹಿಂದಿನ ವರ್ಷಗಳಲ್ಲಿ ಇಂಥ ನಿಯಮ ಇರಲಿಲ್ಲ. ಬಹುಶಃ ನನ್ನಂಥವರು ಭಾಳ ಮಂದಿ ಆಗಿದ್ದಿರಬೇಕು. ಪ್ರಾಚಾರ್ಯರು ಹಳೆಯ ಪಟ್ಟಿ ತೆಗೆಸಿ, ಈ ಸಲ ಕನ್ನಡಕ ಹಾಕಿಕೊಂಡು ನೋಡಿದರು.

“ಏ ಡಾಕ್ಟರ್, ಇವೆರಡು ಖಾನೆ ಖಾಲಿ ಬಿಟ್ಟೀರೆಲ್ಲ! ನಿಮ್ಮ ಕಾಲ ಮ್ಯಾಲ ನೀವ ಕಲ್ಲು ಹಾಕ್ಕೊಂಡ್ರಲ್ಲೋ ಮಾರಾಯ್ರ!”

“ತಪ್ಪಾತ್ರಿ ಸರ್,” ಅಂದೆ. ಎಂಥ ತಪ್ಪು ಎಂದು ಹೇಳಲಿಲ್ಲ. ಅವರು ಅಯ್ಯೋ ಪಾಪ ಎಂದು ಚಹಾ ತರಿಸಿದರು.

ಮುಖ್ಯಸ್ಥರನ್ನು ಕೇಳಿದಾಗ, “ನನ್ನ ಹದಿನಾರು ಮುಗದಾವ್ರಿ. ಬಿಪಿ ಐತಿ, ಮ್ಯಾಲ ಒಂದ ತಾಸೂ ಆಗೂದಿಲ್ಲ,” ಅಂದರು. ಅಲ್ಲಿಗೆ ಆ ಎಂಟು ಗಂಟೆ ಅನಾಥವಾಯಿತು.

ಹೆಂಡತಿಗೆ ಮಾತ್ರ ನಿಜ ಹೇಳಿದೆ. ಆಕೆ ಕಡಿದುಹೋದ ಹಾಸಿನ ಎಳೆ ಹುಡುಕಿ ಗಂಟು ಹಾಕುತ್ತಿದ್ದಳು. ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ಬೈದಿದ್ದರೆ ಚಲೋ ಇತ್ತು. “ಆ ಹುಡುಗಿ ದೀಪಾವಳಿಗೆ ಬಂದಾಗ ನಮ್ಮ ಮನ್ಯಾಗ ಉಂಡು ಹೋಗ್ಯಾಳ್ರಿ,” ಎಂದಷ್ಟೇ ಹೇಳಿ ಮತ್ತೆ ಎಳೆ ಹಿಡಿದಳು.

ತರಗತಿಗಳು ಶುರುವಾದವು. ನನಗೆ ಕೊಟ್ಟ ಏಳು ಗಂಟೆ ಮೂರನೆಯ ಮತ್ತು ಐದನೆಯ ಸೆಮಿಸ್ಟರಿನವು. ಎರಡನೆಯ ದಿನ ಪಾಠ ಮುಗಿಸಿ ಹೊರಗೆ ಬಂದರೆ ವರಾಂಡದ ತುಂಬ ಮೊದಲ ವರ್ಷದ ಹುಡುಗಿಯರು ಕೂತಿದ್ದರು. ಅರ್ಧಕ್ಕರ್ಧ ಮುಶಿಗೇರಿ, ಪುರ್ತಗೇರಿಯವರು. ಹೊಸ ಚೂಡಿದಾರ, ಹೊಸ ಬ್ಯಾಗು. ಒಬ್ಬಳು ಎದ್ದು ನಿಂತಳು. ನನಗೆ ನೀರಿಳಿಸಿದ ಆ ತಂದೆಯ ಮಗಳು.

“ಸರ್, ಮುಶಿಗೇರಿ ಮೇಡಂ ಯಾವಾಗ ಬರ್ತಾರ್ರಿ?”

“ಅವರು ನರಗುಂದಕ್ಕ ಹೋದ್ರವಾ.”

“ಮತ್ತ ನಮಗ ಯಾರ್ರಿ?”

ನಾನು ಪುಸ್ತಕಗಳನ್ನು ಕಂಕುಳಿಗೆ ಸೇರಿಸಿಕೊಂಡೆ.

“ಕ್ಲಾಸ್ ಆಗೂದಿಲ್ಲಂದ್ರ ಅಪ್ಪ ಕಳಸೂದಿಲ್ರಿ ಸರ್. ಹೊಲಕ್ಕ ಬಾ ಅಂತಾನ. ಮೇಡಂ ಅದಾರಂತ ನಾವ್ ಬಂದೇವಿ.”

ಮೇಡಂ ಇದ್ದಾರಂತ. ನಾನಿಲ್ಲವೇ? ಕರಪತ್ರ ಹಂಚಿ ಬಾಯಿ ಒಣಗಿಸಿಕೊಂಡವನು ಇಲ್ಲೇ ನಿಂತಿದ್ದೇನಲ್ಲ? ಅಂಥ ಹೊತ್ತಿನಲ್ಲೂ ನನಗೆ ಮೊದಲು ಬಂದ ವಿಚಾರ ಇದೇ. ಆಮೇಲೆ ಗೋಡೆಗೆ ಅಂಟಿಸಿದ ವೇಳಾಪಟ್ಟಿ ನೋಡಿದೆ. ನಾನು ಅಡ್ಡಗೆರೆ ಎಳೆದ ಎರಡು ಪತ್ರಿಕೆಗಳ ಮುಂದೆ ಅಲ್ಲಿಯೂ ಅಡ್ಡಗೆರೆ. ಆ ಚೌಕಗಳ ಒಳಗೆ ಇಷ್ಟು ಜನ ಇದ್ದಾರೆ ಎಂಬುದು ಕಂಪ್ಯೂಟರಿನಲ್ಲಿ ತುಂಬುವಾಗ ನನಗೆ ಹೊಳೆದಿರಲಿಲ್ಲ.

ಅವತ್ತೇ ಪ್ರಾಚಾರ್ಯರ ಹತ್ತಿರ ಹೋಗಿ ಆ ಎಂಟು ಗಂಟೆ ನಾನೇ ಮಾಡುತ್ತೇನೆ, ಹಣ ಬೇಡ ಅಂದೆ. ಅವರು ಎದ್ದು ನನ್ನ ಕೈ ಹಿಡಿದುಕೊಂಡರು.

“ಮನಸ್ಸಂದ್ರ ನಿಮ್ಮದು ನೋಡ್ರಿ! ಆದ್ರ ಒಂದ ಮಾತು. ಕ್ಲಾಸ್ ರಿಜಿಸ್ಟರ್‌ನ್ಯಾಗ ನಿಮ್ಮ ಹೆಸರ ಬರೀಬ್ಯಾಡ್ರಿ. ಏಳ ತಾಸಿನವರು ಹದಿನೈದು ಹ್ಯಾಂಗ ಮಾಡಿದ್ರು ಅಂತ ಆಡಿಟ್‌ನವರು ಕೇಳ್ತಾರ. ಉಪನ್ಯಾಸಕರ ಹೆಸರಿನ ಜಾಗ ಖಾಲಿ ಬಿಡ್ರಿ.”

ಹೀಗೆ ವಾರಕ್ಕೆ ಎಂಟು ಸಲ ಪಾಠ ಮಾಡಿ, ಎಂಟು ಸಲ ಆ ಜಾಗ ಖಾಲಿ ಬಿಟ್ಟೆ. ಉಳಿದ ಹೊತ್ತು ಮನೆಯಲ್ಲಿ ಮಗ್ಗಕ್ಕೆ ಕೂತೆ, ಅರ್ಧ ಗೌರವಧನದಲ್ಲಿ ಮನೆ ನಡೆಯಬೇಕಲ್ಲ. ಕೈ ರೂಢಿ ತಪ್ಪಿತ್ತು, ಮೊದಲ ಸೀರೆಯ ಅಂಚು ಎಳೆದುಕೊಂಡು ಬಂತು. ಹೆಂಡತಿ ಅರ್ಧ ಗೇಣು ಬಿಚ್ಚಿಸಿ ಮತ್ತೆ ನೇಯಿಸಿದಳು.

ಕ್ಲಾಸಿನಲ್ಲಿ ಆ ಹುಡುಗಿಯರು ಶಿಸ್ತಾಗಿ ಕೂತು ಬರೆದುಕೊಳ್ಳುತ್ತಿದ್ದರು. ಯಾರೂ ಬಿಟ್ಟು ಹೋಗಲಿಲ್ಲ. ಆದರೆ ಪಾಠ ಮುಗಿದಾಗೊಮ್ಮೆ ಯಾರಾದರೂ ಒಬ್ಬರು, “ಮೇಡಂ ಮುಂದಿನ ವರ್ಷ ಬರ್ತಾರೇನ್ರಿ ಸರ್?” ಎಂದು ಕೇಳದೆ ಬಿಡುತ್ತಿರಲಿಲ್ಲ. ಕಾಲೇಜಿನಲ್ಲಿ ಮಾತ್ರ ನನ್ನ ಹೆಸರು ಎಲ್ಲರ ಬಾಯಲ್ಲಿ. ಬಿಟ್ಟಿ ಪಾಠ ಮಾಡುವ ದೊಡ್ಡ ಮನುಷ್ಯ! ಹೊಗಳಿದಷ್ಟೂ ಕುಗ್ಗಿದೆ, ಆದರೂ ಬಾಯಿ ಬಿಡಲಿಲ್ಲ.

ಹೊಸ ವಿದ್ಯಾರ್ಥಿಗಳ ಸ್ವಾಗತ ಸಮಾರಂಭಕ್ಕೆ ಪ್ರಾಚಾರ್ಯರು ಆಕೆಯನ್ನೇ ಮುಖ್ಯ ಅತಿಥಿಯಾಗಿ ಕರೆಸಿದರು. ಕಾಲೇಜಿನ ಹಳೆಯ ವಿದ್ಯಾರ್ಥಿನಿ, ಈಗ ಡಾಕ್ಟರೇಟ್ ಎಂದು. ನರಗುಂದದಲ್ಲಿ ಒಂದು ಸಣ್ಣ ಖೋಲಿ ಹಿಡಿದಿದ್ದಳು, ವಾರಕ್ಕೊಮ್ಮೆ ಮುಶಿಗೇರಿಗೆ ಬರುತ್ತಿದ್ದಳು. ವೇದಿಕೆಯ ಮೇಲೆ ಪ್ರಾಚಾರ್ಯರು ನನ್ನ ತ್ಯಾಗದ ಬಗ್ಗೆ ಮಾತಾಡಿ ಶಾಲು ಹೊದಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಕೆಯೂ ತಟ್ಟಿದಳು, ನನ್ನ ಕಡೆ ನೋಡದೆ.

ಸಮಾರಂಭ ಮುಗಿದ ಮೇಲೆ ವಿಭಾಗದ ಕೋಣೆಗೆ ಬಂದಳು. ತನ್ನ ಹಳೆಯ ಕುರ್ಚಿಯಲ್ಲಿ ಕೂತಳು. ನಾನು ಶಾಲು ಮಡಚಿ ಮೇಜಿನ ಮೇಲಿಟ್ಟೆ.

“ನರಗುಂದ ಹ್ಯಾಂಗೈತವಾ?”

“ಚಲೋ ಐತ್ರಿ.” ಮೇಜಿನ ಮೇಲಿದ್ದ ಪೆನ್ನನ್ನು ತಿರುಗಿಸುತ್ತ ಹೇಳಿದಳು, “ಸರ್, ವಿಭಾಗದ ಮೇಲ್ ನನ್ನ ಫೋನಿನ್ಯಾಗೂ ಇತ್ತ್ರಿ. ನೀವ ಹಚ್ಚಿಕೊಟ್ಟಿದ್ರಿ.”

ಎರಡು ವರ್ಷದ ಹಿಂದೆ ನಾನೇ ಪಾಸ್‌ವರ್ಡ್ ಹಾಕಿ ಕೊಟ್ಟಿದ್ದೆ. ಮರೆತೇ ಹೋಗಿತ್ತು.

“ಪಟ್ಟಿ ನೋಡಿದ್ಯಾ?”

“ನೀವ್ ಕಳಿಸಿದ ಸಂಜೀನ ನೋಡಿದ್ನಿ.”

“ಮತ್ತ ಕೇಳಬೇಕಿಲ್ಲೊ?”

“ಎರಡ ಸಲ ಕೇಳಿದ್ನೆಲ್ರಿ ಸರ್. ಫೋನಿನ್ಯಾಗೊಮ್ಮೆ, ಬಸ್ಸಿನ್ಯಾಗೊಮ್ಮೆ.”

ಹೌದು, ಕೇಳಿದ್ದಳು.

“ಮೆರಿಟ್ ಲಿಸ್ಟ್ ಬಂದ ದಿನಾನ ನಾ ನರಗುಂದ ತಗೋಬೇಕಂತ ಮಾಡಿದ್ನ್ರಿ. ನಿಮಗ ಮನಿ ಐತಿ, ಮಗ್ಗ ಐತಿ. ನಾ ಒಬ್ಬಾಕಿ, ಎಲ್ಲಿದ್ರೂ ನಡೀತೈತಿ. ನಮ್ಮ ಕಾಲೇಜ ಸರ್‌ಗೆ ಇರ್ಲಿ ಅಂತ ಅವ್ವಗೂ ಹೇಳಿದ್ನಿ. ಒಂದೆರಡ ದಿನದಾಗ ನಿಮ್ಮ ಮನಿಗೆ ಬಂದು ಹೇಳಾಕಿ ಇದ್ನಿ. ಅಷ್ಟರಾಗ ಆ ಪಟ್ಟಿ ಬಂತು.” ಪೆನ್ನು ಕೆಳಗಿಟ್ಟಳು. “ನಾ ಕೊಡಾಕಿ ಇದ್ನಿ ಸರ್. ನೀವು ಕಸ್ಕೊಂಡ್ರಿ.”

ಬೈಗುಳ ಇರಲಿಲ್ಲ, ಕಣ್ಣೀರೂ ಇರಲಿಲ್ಲ. ಒಂದು ವಿಷಯ ತಿಳಿಸಿ ಹೋಗಲು ಬಂದವಳ ದನಿ. ನಾನು “ತಪ್ಪಾತವಾ” ಅಂದೆ. ಪ್ರಾಚಾರ್ಯರ ಮುಂದೆ ಅಂದದ್ದೂ ಅದೇ ಮಾತು. ಈ ಸಲ ಅದನ್ನು ಹೇಳಲು ಭಾಳ ಹೊತ್ತು ಹಿಡಿಯಿತು. ಆಕೆ ಹೋಗಲಿ ಬಿಡಿ ಅನ್ನಲಿಲ್ಲ. ಒಳ್ಳೆಯತನದಲ್ಲೂ ಈಕೆ ನನಗಿಂತ ಮುಂದೆ ಹೋಗಿಬಿಟ್ಟಿದ್ದಳಲ್ಲ ಎಂದು ಆ ಕ್ಷಣದಲ್ಲೂ ನನಗೆ ಸಂಕಟವಾಯಿತು. ನನ್ನ ಹುಟ್ಟುಗುಣಕ್ಕೆ ಏನು ಹೇಳಲಿ?

ಬೆಲ್ ಆಯಿತು.

“ಕ್ಲಾಸ್ ಐತೇನ್ರಿ ಸರ್ ನಿಮಗ?”

“ಐತಿ. ಮೊದಲ ಸೆಮಿಸ್ಟರ್. ನಿನ್ನ ಹುಡುಗ್ಯಾರು.” ರಿಜಿಸ್ಟರ್ ಕೈಗೆತ್ತಿಕೊಂಡು, “ಇವತ್ತು ನೀ ತಗೋ,” ಅಂದೆ.

ಆಕೆ ಮೇಜಿನ ಮೇಲಿನ ಸೀಮೆಸುಣ್ಣ ಎತ್ತಿಕೊಂಡು ಎದ್ದಳು. ಕ್ಲಾಸಿನ ಬಾಗಿಲ ಒಳಗೆ ಕಾಲಿಟ್ಟದ್ದೇ ತಡ, ಹುಡುಗಿಯರೆಲ್ಲ ಹೋ ಎಂದು ಕೂಗಿದರು. ಬೆಂಚು ಸರಿದ ಸಪ್ಪಳ, ಆಮೇಲೆ ಆಕೆಯ ದನಿ.

ನಾನು ವರಾಂಡದ ಕಂಬಕ್ಕೆ ಒರಗಿ ರಿಜಿಸ್ಟರ್ ತೆಗೆದೆ. ದಿನಾಂಕ ಬರೆದೆ, ಪತ್ರಿಕೆಯ ಹೆಸರು ಬರೆದೆ. ಉಪನ್ಯಾಸಕರ ಹೆಸರಿನ ಕೆಳಗೆ ವಾರಗಟ್ಟಲೆ ಖಾಲಿ ಬಿಟ್ಟ ಚೌಕಗಳಿದ್ದವು. ಇವತ್ತಿನ ಚೌಕದಲ್ಲಿ ಆಕೆಯ ಪೂರ್ತಿ ಹೆಸರು, ಹಿಂದೆ ‘ಡಾ.’ ಸೇರಿಸಿ, ಬರೆದೆ. ಆಡಿಟ್‌ನವರು ಕೇಳಿದರೆ ಎಲ್ಲವನ್ನೂ ಹೇಳುವುದು ಎಂದುಕೊಂಡೆ.

ಒಳಗೆ ಹುಡುಗಿಯರು ಯಾವುದಕ್ಕೋ ಒಟ್ಟಿಗೆ ನಕ್ಕರು. ನನ್ನ ಕ್ಲಾಸಿನಲ್ಲಿ ಅವರು ಒಂದು ದಿನವೂ ಹಾಗೆ ನಕ್ಕಿರಲಿಲ್ಲ.